ಮೂವತ್ತೊಂಬತ್ತನೆಯ ಅಧ್ಯಾಯ

ಶೆರಿಂಗಮ್, ನಾರ್ಫಕ್
ಮಂಗಳವಾರ, 12 ಫೆಬ್ರುವರಿ 2019

ಪ್ರೀತಿಯ ಟಮ್ಸಿನ್,

ನಿನ್ನ ಕಾಗದ ಶನಿವಾರವೇ ಕೈಸೇರಿತು. ಫೋನ್ ಮಾಡಿದರೆ ನಾನು ಕಿವಿ ಕೇಳಿಸದ ನೆಪ ಹೂಡಿ ತಪ್ಪಿಸಿಕೊಳ್ಳುತ್ತೇನೆಂದು ನಿನಗೆ ಗೊತ್ತು, ಅದಕ್ಕೇ ಬರೆದು ಕೇಳಿದ್ದೀಯ. ಜಾಣೆ. ಮೂರು ದಿನದಿಂದ ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೇನೆ. ಓದುತ್ತೇನೆ, ಮಡಚುತ್ತೇನೆ, ಚಹಾ ಮಾಡಿಕೊಳ್ಳುತ್ತೇನೆ, ಚಹಾ ಆರಿಹೋಗುತ್ತದೆ, ಚೆಲ್ಲುತ್ತೇನೆ. ನೀನು ವಿಚಾರಿಸಿದ ಮಂಡಿ ನೋವೇನೂ ದೊಡ್ಡ ವಿಷಯವಲ್ಲ ಬಿಡು, ಮನಸ್ಸಿಗೇ ಸಾಕುಸಾಕಾಗಿಹೋಗಿದೆ.

ನೀನು ಕೇಳಿದ್ದು ಬಹಳ ಸಣ್ಣದು. ನಲವತ್ತಾರು ವರ್ಷದ ಹಿಂದೆ ರೇಡಿಯೊಗಾಗಿ 'ಸ್ಕಾರ್‌ಮಿಯರ್' ಕಾದಂಬರಿಯನ್ನು ಸಂಕ್ಷೇಪ ಮಾಡಿದಾಗ ನಾನು ಕತ್ತರಿಸಿ ತೆಗೆದ ಕೊನೆಯ ಅಧ್ಯಾಯ ನಿನಗೆ ಬೇಕು. ನೀನು ಬರೆಯುತ್ತಿರುವ ಆರು ಕಂತಿನ ಟೀವಿ ಧಾರಾವಾಹಿಯ ಕೊನೆಯ ಕಂತನ್ನು ಶುಕ್ರವಾರ ಕೊಡಬೇಕು. ನಿನ್ನ ಮೇಲಿನವರೆಲ್ಲ ಕಥಾನಾಯಕಿ ಜುಡಿತ್ ಮನೆಬಿಟ್ಟು ಹೋದವಳು ಹೋಗಿಯೇ ಬಿಡಲಿ ಅನ್ನುತ್ತಿದ್ದಾರೆ. ನೀನೊಬ್ಬಳೇ ಹಟ ಹಿಡಿದಿದ್ದೀಯ. ನೀನು ಬರೆದಿದ್ದನ್ನೇ ಇಲ್ಲಿ ಎತ್ತಿ ಬರೆಯುತ್ತೇನೆ: "ನಾನು ಅವಳನ್ನ ವಾಪಸ್ ಕರ್ಕೊಂಡು ಬರ್ತೀನಿ ಅಮ್ಮ. ಮಕ್ಕಳನ್ನ ಬಿಟ್ಟುಹೋದ ತಾಯಂದಿರು ವಾಪಸ್ ಬರಲ್ಲ ಅಂತ ಯಾರು ಹೇಳಿದ್ದು? ನೀನು ಬಂದಿದ್ದೆಯಲ್ಲ. ಬಾಗಿಲು ತೆಗೀದೆ ಇದ್ದಿದ್ದು ಅಪ್ಪ. ಆ ಬಾಗಿಲ ಹಿಂದೆ ನಿಂತಿರೋ ಗಂಡಸಿನ ದನಿ ನನಗೆ ಚೆನ್ನಾಗಿ ಗೊತ್ತು, ಅದನ್ನ ಹಾಗೇ ಬರೀತೀನಿ."

ಈ ಸಾಲುಗಳನ್ನು ದಾಟಲು ನನಗೆ ಮೂರು ದಿನ ಹಿಡಿಯಿತು.

ಪುಟಗಳನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ಹದಿನೇಳು ಪುಟ. ಅಂಚು ಹಳದಿಯಾಗಿದೆ, ಮುಟ್ಟಿದರೆ ಮುರಿಯುತ್ತದೆ, ಹುಷಾರು. ಆದರೆ ಮೊದಲು ಈ ಕಾಗದ ಓದು. ಪುಟಗಳನ್ನು ಓದಿದ ಮೇಲೆ ನನ್ನ ಕಾಗದ ಓದುವ ಮನಸ್ಸು ನಿನಗೆ ಉಳಿಯಲಿಕ್ಕಿಲ್ಲ. ನಾನು ನಿನಗೆ ಒಂದು ವಿಷಯ ಹೇಳಬೇಕು. ಶುಕ್ರವಾರದ ಒಳಗೆ ಹೇಳಬೇಕು. ಹೇಳಿದ ಮೇಲೆ ನೀನು ನನ್ನ ಜೊತೆ ಮಾತಾಡುತ್ತೀಯೋ ಬಿಡುತ್ತೀಯೋ ಗೊತ್ತಿಲ್ಲ. ಧೈರ್ಯ ಸಾಲುತ್ತಿಲ್ಲ, ಅದಕ್ಕೆ ಮೊದಲು ಪುಸ್ತಕದ ಮಾತಾಡುತ್ತೇನೆ. ತಾಳ್ಮೆ ಇರಲಿ.

ಮಿಸ್ ಆಗಸ್ಟಾ ಪೆಲ್ ಈ ಕಾದಂಬರಿ ಬರೆದದ್ದು 1829ರಲ್ಲಿ, ಪಾದ್ರಿಯಾಗಿದ್ದ ಅಣ್ಣನ ಮನೆಯಲ್ಲಿ ಕೂತು. ವಿಧವೆ ಜುಡಿತ್ ತನ್ನ ಪುಟ್ಟ ಮಗಳು ಆ್ಯನಿಸ್‌ಳನ್ನು ಕಟ್ಟಿಕೊಂಡು ಜೌಗುನೆಲದ ನಡುವಿನ ಸ್ಕಾರ್‌ಮಿಯರ್ ಬಂಗಲೆಯ ಸರ್ ಒಸ್ರಿಕ್‌ನನ್ನು ಮದುವೆಯಾಗುತ್ತಾಳೆ. ಅಲ್ಲಿ ಮುಚ್ಚಿದ ಕೋಣೆಗಳು, ಸತ್ತ ಮೊದಲ ಹೆಂಡತಿಯ ಹೆಜ್ಜೆ ಸಪ್ಪಳ, ಗಂಡನ ಕೈಯಲ್ಲಿ ಎಲ್ಲ ಬೀಗದ ಕೈ. ಕೊನೆಗೆ ಕಡಲು ಇಳಿದ ಹೊತ್ತು ನೋಡಿ ಜುಡಿತ್ ಜೌಗು ದಾಟಿ ಓಡುತ್ತಾಳೆ. ಮಲಗಿದ್ದ ಮಗುವನ್ನು ಬಿಟ್ಟು ಓಡುತ್ತಾಳೆ. ಮೂವತ್ತೆಂಟನೆಯ ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ. ನಿನಗೂ, ನಿನ್ನ ವಾರಿಗೆಯವರಿಗೂ ಪುಸ್ತಕವೇ ಅಲ್ಲಿಗೆ ಮುಗಿಯುತ್ತದೆ.

ಆ ಕಾಲದ ವಿಮರ್ಶಕರು ಮಿಸ್ ಪೆಲ್‌ಗೆ ಮಾಡಿದ ಮಂಗಳಾರತಿ ಅಷ್ಟಿಷ್ಟಲ್ಲ. ಇಂಥದ್ದನ್ನು ಹೆಣ್ಣು ಬರೆದಿರಲಾರಳು, ಬರೆದಿದ್ದರೆ ಅವಳು ಹೆಣ್ಣಲ್ಲ ಎಂದರಂತೆ. ಅಣ್ಣ ಚರ್ಚಿನಲ್ಲಿ ತಂಗಿಯ ಪುಸ್ತಕದ ವಿರುದ್ಧವೇ ಉಪದೇಶ ಮಾಡಿದ, ತಂಗಿ ಮುಂದಿನ ಸಾಲಿನಲ್ಲಿ ಕೂತು ಕೇಳಿದಳು. ಐವತ್ತು ವರ್ಷದ ಮೇಲೆ ಮನೆಮಂದಿಯೆಲ್ಲ ಓದಬಹುದಾದ ಮುದ್ರಣ ಅಂತ ಒಂದು ಬಂತು. ಅದರಲ್ಲಿ ಜುಡಿತ್ ಮಗುವಿನ ತಾಯಿಯಲ್ಲ, ಚಿಕ್ಕಮ್ಮ! ಚಿಕ್ಕಮ್ಮ ಬಿಟ್ಟುಹೋದರೆ ಯಾರಿಗೂ ಏನೂ ಅನ್ನಿಸುವುದಿಲ್ಲವಲ್ಲ. ಆಮೇಲೆ ಅದು ನಾಟಕವಾಯಿತು, ರಂಗದ ಮೇಲೆ ನಿಜವಾದ ನೀರಿನ ತೊಟ್ಟಿ ಇಟ್ಟು, ಮುಂದಿನ ಸಾಲಿನವರಿಗೆ ಕೊಡೆ ಕೊಟ್ಟರು. 1936ರ ಸಿನಿಮಾದಲ್ಲಿ ಬಂಗಲೆಗೆ ಬೆಂಕಿ ಬಿತ್ತು, ಜುಡಿತ್ ಒಬ್ಬ ಡಾಕ್ಟರನ್ನು ಮದುವೆಯಾದಳು, ಗುಂಗುರು ಕೂದಲಿನ ಆ್ಯನಿಸ್ ಎರಡು ಹಾಡು ಹಾಡಿದಳು. ಇದ್ಯಾವುದೂ ಮಿಸ್ ಪೆಲ್ ಬರೆದದ್ದಲ್ಲ. ಪಾಪ, ಆ ಹೆಂಗಸಿನ ಪುಸ್ತಕದಲ್ಲಿ ಕೈಯಾಡಿಸದವರೇ ಇಲ್ಲ. ನನ್ನನ್ನೂ ಸೇರಿಸಿಕೋ.

ನನ್ನ ಕೈಗೆ ಬರುವ ಹೊತ್ತಿಗೆ ಅದು ರೈಲ್ವೆ ಸ್ಟೇಷನ್ನಿನ ಅಂಗಡಿಯ ಸರಕಾಗಿತ್ತು. ರಟ್ಟಿನ ಮೇಲೆ ನೈಟಿ ತೊಟ್ಟು ಓಡುತ್ತಿರುವ ಹೆಂಗಸು, ಹಿಂದೆ ಕತ್ತಲೆ ಬಂಗಲೆ, ಒಂದೇ ಕಿಟಕಿಯಲ್ಲಿ ಬೆಳಕು. ಓದಿದವರು ಓದಿದೆ ಅಂತ ಹೇಳಿಕೊಳ್ಳುತ್ತಿರಲಿಲ್ಲ. ರೇಡಿಯೊದ ಮಿಸ್ಟರ್ ಆಸ್ಪಿನಾಲ್‌ಗೆ ಬೇಸಿಗೆಯಲ್ಲಿ ತುಂಬಲು ಹತ್ತು ದಿನ ಖಾಲಿ ಇತ್ತು, ಯಾರೂ ಹಕ್ಕು ಕೇಳದ ಹಳೆಯ ಪುಸ್ತಕ ಬೇಕಿತ್ತು, ಅಷ್ಟೇ.

ನನ್ನ ಕೆಲಸ ಹೇಗಿತ್ತು ಅಂತ ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದೇ ಪುಸ್ತಕದ ಎರಡು ಪ್ರತಿ ಬೇಕು. ಕಾಗದಕ್ಕೆ ಎರಡು ಬದಿ ಇದೆಯಲ್ಲ, ಒಂದು ಬದಿ ಅಂಟಿಸಿದರೆ ಇನ್ನೊಂದು ಬದಿ ಹೋಯಿತು. ಬೆನ್ನು ಮುರಿದು ಹಾಳೆ ಬಿಡಿಸುವುದು, ಕೆಂಪು ಪೆನ್ಸಿಲಿನಲ್ಲಿ ಹೊಡೆಯುವುದು, ಉಳಿದದ್ದನ್ನು ಕತ್ತರಿಸಿ ದೊಡ್ಡ ಹಾಳೆಗೆ ಅಂಟಿಸುವುದು, ಆಮೇಲೆ ಗಡಿಯಾರದ ಮುಂದೆ ನಿಂತು ಗಟ್ಟಿಯಾಗಿ ಓದುವುದು. ಹದಿನಾಲ್ಕೂವರೆ ನಿಮಿಷ. ಹದಿನೈದಾದರೆ ಮತ್ತೆ ಕತ್ತರಿ. ಕೆಲಸಕ್ಕೆ ಸೇರಿದ ದಿನವೇ ಆಸ್ಪಿನಾಲ್ ಹೇಳಿದ್ದರು: "ನೋಡಿ ಮಿಸೆಸ್ ಥರ್ಟಲ್, ಎಷ್ಟು ಬೇಕಾದ್ರೂ ಕತ್ತರಿಸಿ. ಆದ್ರೆ ನಿಮ್ಮದು ಅಂತ ಒಂದು ಮಾತೂ ಒಳಗೆ ಹಾಕ್ಬೇಡಿ. ಇಲ್ಲಿ ಕೂತಿರೋದು ನೀವಲ್ಲ, ಬರೆದೋರು."

ನಾರಿಜ್‌ನ ಆ ಮನೆಯಲ್ಲಿ ಅಡುಗೆಮನೆಯ ಮೇಜು ಪೂರ್ತಿ ನನ್ನ ಗೋಂದು, ಹಾಳೆ, ಕತ್ತರಿ. ನಿನ್ನಪ್ಪ ಬೂಟು ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುತ್ತಿದ್ದ, ಅಲ್ಲಿ ಅವನಷ್ಟು ಸಾಫಾಗಿ ಕತ್ತರಿಸುವವನು ಇನ್ನೊಬ್ಬನಿರಲಿಲ್ಲ. ಕೆಲಸ ಮುಗಿಸಿ ಬಂದು ತಟ್ಟೆ ಇಡಲು ಜಾಗವಿಲ್ಲದೆ ತೊಡೆಯ ಮೇಲಿಟ್ಟುಕೊಂಡು ತಿನ್ನುತ್ತಾ ನನ್ನನ್ನು ಕೆಣಕುತ್ತಿದ್ದ. "ನಾನು ಕತ್ತರಿಸಿದ್ದನ್ನ ಜನ ಕಾಲಿಗೆ ಹಾಕ್ಕೊಂಡು ಓಡಾಡ್ತಾರೆ ಕಣೇ. ನೀನು ಕತ್ತರಿಸಿದ್ದನ್ನ ಏನ್ ಮಾಡ್ತಾರೆ?" ಒಲೆಗೆ ಹಾಕುತ್ತಾರೆ ಎನ್ನುತ್ತಿದ್ದೆ. "ಅಯ್ಯೋ, ಹಾಗಾದ್ರೆ ಇನ್ನೂ ಸ್ವಲ್ಪ ಕತ್ತರಿಸು, ಮನೆ ತಣ್ಣಗಿದೆ" ಅನ್ನುತ್ತಿದ್ದ. ನೀನು ಮೇಜಿನ ಕೆಳಗೆ ಕೂತು ಬಿದ್ದ ಚೂರುಗಳಲ್ಲಿ ನಿನಗೆ ಬರುವ ಅಕ್ಷರ ಹುಡುಕುತ್ತಿದ್ದೆ.

ಅವನು ಕೆಟ್ಟವನಾಗಿರಲಿಲ್ಲ ಟಮ್ಸಿನ್. ಕೈ ಎತ್ತಿದವನಲ್ಲ, ಕುಡಿದು ಬಂದವನಲ್ಲ. ನಾನು ಯಾಕೆ ಹೋದೆ ಅನ್ನುವುದಕ್ಕೆ ಒಂದು ದೊಡ್ಡ ಕಾರಣ ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನನಗೆ ಮೂವತ್ತು ವರ್ಷವಾಗಿತ್ತು, ಉಸಿರು ಕಟ್ಟುತ್ತಿತ್ತು, ರೇಡಿಯೊದವರು ಲಂಡನ್ನಿನಲ್ಲಿ ಪೂರ್ತಿ ಕೆಲಸ ಕೊಡುತ್ತೇವೆ ಎಂದರು. ಮಾರ್ಚ್ ತಿಂಗಳಲ್ಲಿ ಒಂದು ಸೂಟ್‌ಕೇಸು, ಟೈಪ್‌ರೈಟರು, ಈ ಕಾದಂಬರಿಯ ಎರಡು ಪ್ರತಿ ತೆಗೆದುಕೊಂಡು ಹೊರಟೆ. ಒಂದೇ ತಿಂಗಳು ಪುಟ್ಟಿ ಎಂದೆ ನಿನಗೆ. ಆರೂವರೆ ವರ್ಷದ ನೀನು ಬೆರಳು ಮಡಚಿ ಮಡಚಿ ಎಣಿಸಿದೆ. ಎಷ್ಟು ಬೆರಳು ಅಂತ ಕೇಳಿದೆ.

ಮೂವತ್ತೆಂಟು ಅಧ್ಯಾಯಗಳನ್ನು ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ಕೂತು ಮುಗಿಸಿದೆ. ಕೊನೆಯದೊಂದು ಉಳಿಯಿತು. ಜುಡಿತ್ ಮಗುವಿಗಾಗಿ ಮರಳಿ ಬರುವ ಅಧ್ಯಾಯ. ಗಟ್ಟಿಯಾಗಿ ಓದಬೇಕಲ್ಲ, ಓದಲು ನಿಂತರೆ ಮೂರನೆಯ ಸಾಲಿಗೇ ಪುಟ ಕೆಳಗಿಡುತ್ತಿದ್ದೆ. ನಾಲ್ಕು ಸಲ ಪ್ರಯತ್ನಿಸಿದೆ. ಐದನೆಯ ಸಲ ಆ ಹದಿನೇಳು ಪುಟ ಎತ್ತಿ ಡ್ರಾಯರಿಗೆ ಹಾಕಿದೆ. ಅವಳು ಹೋದಳು, ಹೋದವಳು ತಿರುಗಿ ನೋಡಲಿಲ್ಲ, ಅಲ್ಲಿಗೆ ಕಥೆ ಮುಗಿಯಿತು ಎಂದು ಅಂಟಿಸಿ ಕಳಿಸಿದೆ.

ಎಲ್ಲ ಸಂದರ್ಶನಗಳಲ್ಲೂ ಹೇಳಿದ್ದೇನೆ, ಸಮಯ ಸಾಲಲಿಲ್ಲ ಎಂದು. ನಿನಗೂ ಅದನ್ನೇ ಹೇಳಿದ್ದೇನೆ. ಸುಳ್ಳು. ಹತ್ತನೆಯ ಕಂತು ನಾಲ್ಕು ನಿಮಿಷ ಕಡಿಮೆ ಬಿತ್ತು. ಆಸ್ಪಿನಾಲ್ ನನ್ನನ್ನು ಕರೆಸಿ, ಕನ್ನಡಕದ ಮೇಲಿಂದ ನೋಡಿ, "ನಾಲ್ಕು ನಿಮಿಷ ಉಳೀತಲ್ರೀ, ಆ ಹೆಂಗಸು ವಾಪಸ್ ಬರೋದಕ್ಕೆ ಎರಡು ನಿಮಿಷ ಸಾಕಲ್ವಾ?" ಎಂದು ಕೇಳಿದರು. ನಾನು ಏನು ಹೇಳಿದೆನೋ ನೆನಪಿಲ್ಲ. ಖಾಲಿ ಉಳಿದ ಹೊತ್ತಿಗೆ ಸೆಲ್ಲೋ ವಾದ್ಯ ನುಡಿಸಿ ತುಂಬಿದರು. ಪತ್ರಿಕೆಗಳಲ್ಲಿ ಆ ಸೆಲ್ಲೋವನ್ನು ಹೊಗಳಿದ್ದೇ ಹೊಗಳಿದ್ದು, ಎಂಥ ಧೈರ್ಯ, ಎಂಥ ಕೊನೆ ಎಂದು.

ಅಲ್ಲಿಂದ ಪುಸ್ತಕದ ನಸೀಬೇ ತಿರುಗಿತು. ನಾನು ಅಂಟಿಸಿದ ಪ್ರತಿಯನ್ನೇ ಇಟ್ಟುಕೊಂಡು ಚಿಕ್ಕ ಪುಸ್ತಕ ಅಚ್ಚು ಹಾಕಿದರು, ಸಂಕ್ಷಿಪ್ತ ಅಂತ ಒಳಗೆಲ್ಲೋ ಇರುವೆ ಗಾತ್ರದ ಅಕ್ಷರದಲ್ಲಿ ಇತ್ತು. ನಿನ್ನ ಹತ್ತಿರ ಇರುವುದೂ ಅದೇ. ಹೆಂಗಸರ ಸಂಘಗಳು ಅದನ್ನು ಎದೆಗೊತ್ತಿಕೊಂಡವು. ಜುಡಿತ್ ತಿರುಗಿ ನೋಡಲಿಲ್ಲ ಎಂದು ಬರೆದ ಬಿಲ್ಲೆಗಳನ್ನು ಕೋಟಿಗೆ ಚುಚ್ಚಿಕೊಂಡು ಓಡಾಡಿದರು. ಲೀಡ್ಸ್‌ನಲ್ಲಿ ಒಂದು ಸಭೆಗೆ ಕರೆದಿದ್ದರು. ಮುಗಿದ ಮೇಲೆ ಒಬ್ಬಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. "ನಿಮ್ಮ ಕಥೆ ಕೇಳಿದ ವಾರದಲ್ಲೇ ನಾನೂ ಹೊರಟುಬಿಟ್ಟೆ ಕಣ್ರೀ" ಎಂದಳು. ಅವಳ ತುಟಿಯ ಪಕ್ಕ ಹಳೆಯ ಗಾಯದ ಗುರುತಿತ್ತು, ಅವಳು ಹೋಗಿದ್ದು ಸರಿಯೇ. ಮಕ್ಕಳಿದ್ದಾರಾ ಎಂದು ಕೇಳಿದೆ. "ಇಬ್ರು. ಜೊತೇಲೇ ಕರ್ಕೊಂಡು ಬಂದೆ. ಇನ್ನೇನು, ಅಲ್ಲಿ ಬಿಟ್ಟು ಬರ್ತಾರಾ ಯಾರಾದ್ರೂ?" ಎಂದಳು. ಅವಳಿಗೆ ನನ್ನ ವಿಷಯ ಏನೂ ಗೊತ್ತಿರಲಿಲ್ಲ. ನಾನು ಕೋಟು ಹಾಕಿಕೊಂಡು ಸ್ಟೇಷನ್ನಿಗೆ ನಡೆದೆ.

ಆಮೇಲೆ ಶಾಲೆಯ ಪಠ್ಯವಾಯಿತು. ಜುಡಿತ್ ಮರಳಿ ಬಾರದಿರುವುದು ಸರಿಯೇ, ಚರ್ಚಿಸಿ. ಹತ್ತು ಅಂಕ. 1986ರಲ್ಲಿ ಟೀವಿಯಲ್ಲಿ ಬಂದಾಗ ಚಿತ್ರೀಕರಣ ಮಾಡಿದ ಬಂಗಲೆಯ ಮುಂದೆ ಬಸ್ಸುಗಟ್ಟಲೆ ಜನ. ಪಾತ್ರೆ ಒರೆಸುವ ಬಟ್ಟೆಯ ಮೇಲೂ ಓಡುವ ಜುಡಿತ್. ಆಮೇಲೆ ವಿಶ್ವವಿದ್ಯಾಲಯದವರು ಬಂದರು. ಪ್ರೊಫೆಸರ್ ಆಲ್ಡರ್ಟನ್ ಪೂರ್ತಿ ಪುಸ್ತಕವನ್ನು ದಪ್ಪ ಸಂಪುಟವಾಗಿ ತಂದರು, ಗ್ರಂಥಾಲಯದವರು ಬಿಟ್ಟರೆ ಯಾರೂ ಕೊಳ್ಳಲಿಲ್ಲ. ಕೊನೆಯ ಅಧ್ಯಾಯ ಪ್ರಕಾಶಕ ಬಲವಂತವಾಗಿ ಬರೆಸಿದ್ದು, ಮಿಸ್ ಪೆಲ್ ಮನಸ್ಸಿನಲ್ಲಿದ್ದ ಕೊನೆ ರೇಡಿಯೊದ್ದೇ ಎಂದು ಅವರ ವಾದ. ನನಗೆ ಊಟ ಹಾಕಿಸಿ, ಮೀನಿನ ಮುಳ್ಳು ಬಿಡಿಸುತ್ತಾ ಕೇಳಿದರು: "ಬೇರೆ ಯಾರಿಗೂ ಹೊಳೀದೇ ಇದ್ದದ್ದು ನಿಮಗೆ ಹೇಗೆ ಹೊಳೀತು ಅಂತೀನಿ?" ಸಮಯ ಸಾಲಲಿಲ್ಲ ಎಂದೆ. ಅವರು ಜೋರಾಗಿ ನಕ್ಕು, ಆ ಮಾತನ್ನು ನನ್ನ ವಿನಯಕ್ಕೆ ಉದಾಹರಣೆಯಾಗಿ ಮುನ್ನುಡಿಯಲ್ಲಿ ಬರೆದುಕೊಂಡರು. ಈಗ ಹುಡುಗರು ಕಂಪ್ಯೂಟರಿನಲ್ಲಿ ಜುಡಿತ್‌ಳನ್ನು ಜೌಗಿನಲ್ಲಿ ಅಟ್ಟಿಸಿಕೊಂಡು ಹೋಗುವ ಆಟ ಆಡುತ್ತಾರಂತೆ. ಆಡಲಿ. ಓಡಿ ಓಡಿ ಅವಳಿಗೂ ಸಾಕಾಗಿರಬೇಕು.

ಪುಸ್ತಕದ ಮಾತು ಮುಗಿಯಿತು. ಇನ್ನು ತಪ್ಪಿಸಿಕೊಳ್ಳಲು ಜಾಗವಿಲ್ಲ.

ಮೂವತ್ತೊಂಬತ್ತನೆಯ ಅಧ್ಯಾಯದಲ್ಲಿ ಏನಿದೆ ಹೇಳುತ್ತೇನೆ ಕೇಳು. ಜುಡಿತ್ ಮಳೆಯಲ್ಲಿ ಮರಳಿ ಬರುತ್ತಾಳೆ. ಸದ್ದಾಗಬಾರದೆಂದು ಬೂಟು ಬಿಚ್ಚಿ ಕೈಯಲ್ಲಿ ಹಿಡಿದಿದ್ದಾಳೆ. ಗೇಟಿನ ಹತ್ತಿರ ನಾಯಿ ಬೊಗಳುವುದಿಲ್ಲ, ಅವಳ ಕೈ ನೆಕ್ಕುತ್ತದೆ. ಮಹಡಿಯ ಕಿಟಕಿಯಲ್ಲಿ ದೀಪ. ಮೂರು ಸಲ ಬಾಗಿಲು ಬಡಿಯುತ್ತಾಳೆ. ಒಳಗಿನಿಂದ ಗಂಡನ ದನಿ, ಇಲ್ಲಿ ನಿನಗಾಗಿ ಕಾಯುವವರು ಯಾರೂ ಇಲ್ಲ ಎಂದು.

ಗೊತ್ತಾಯಿತಲ್ಲವೇ? ನೀನು ಇದನ್ನು ಹನ್ನೆರಡು ವರ್ಷದವಳಿದ್ದಾಗಲೇ ಕೇಳಿದ್ದೀಯ.

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನ ಪಕ್ಕದ ಚಹಾದಂಗಡಿ. ಅಪ್ಪ ನಾರಿಜ್‌ನಲ್ಲಿ ರೈಲು ಹತ್ತಿಸಿದ್ದ, ನಿನ್ನ ಚೀಲದಲ್ಲಿ ಅವನು ಕಟ್ಟಿಕೊಟ್ಟ ಮೊಟ್ಟೆ ಸ್ಯಾಂಡ್‌ವಿಚ್ ಹಾಗೇ ಇತ್ತು. ಆರು ವರ್ಷ ಬರೀ ಹುಟ್ಟುಹಬ್ಬದ ಪಾರ್ಸೆಲ್ ಕಳಿಸಿದವಳ ಎದುರು ನೀನು ಮೊದಲ ಸಲ ಕೂತಿದ್ದೆ. ಬೆಣ್ಣೆ ಹಚ್ಚಿದ ಬನ್ನು ಮುಟ್ಟಲಿಲ್ಲ. ನೇರವಾಗಿ ಕೇಳಿದೆ, "ಒಂದೇ ತಿಂಗಳು ಅಂದಿದ್ಯಲ್ಲ, ಯಾಕಮ್ಮ ಬರ್ಲಿಲ್ಲ?"

ಬಂದಿದ್ದೆ ಎಂದೆ. ಬಾಯಿಗೆ ಬಂದುಬಿಟ್ಟಿತು. ಆಮೇಲೆ ನೀನು ಕಣ್ಣರಳಿಸಿ ನೋಡುತ್ತಿದ್ದೆ, ಮುಂದೆ ಏನು ಹೇಳಲಿ? ಗಟ್ಟಿಯಾಗಿ ಓದಲಾಗದೆ ಎತ್ತಿಟ್ಟ ಅಧ್ಯಾಯ ನಾಲಗೆಯ ತುದಿಯಲ್ಲೇ ಇತ್ತು. ಮಳೆ ಬರುತ್ತಿತ್ತು ಎಂದೆ. ಬೂಟು ಕೈಯಲ್ಲಿ ಹಿಡಿದಿದ್ದೆ ಎಂದೆ. ನಾಯಿ ಬೊಗಳಲಿಲ್ಲ ಎಂದ ಮೇಲೆ ಹೊಳೆಯಿತು, ನಮ್ಮ ಮನೆಯಲ್ಲಿ ನಾಯಿಯೇ ಇರಲಿಲ್ಲವಲ್ಲ! ನೀನೇ ನನ್ನನ್ನು ಕಾಪಾಡಿದೆ. "ಪಕ್ಕದ್ಮನೆ ಮಿಸೆಸ್ ಗೂಚ್ ನಾಯಿನಾ ಅಮ್ಮ? ಅದು ನಂಗೂ ಬೊಗಳಲ್ಲ" ಎಂದೆ. ಹೂಂ, ಅದೇ ಎಂದೆ. "ನನ್ನ ರೂಮಲ್ಲಿ ಲೈಟ್ ಇತ್ತಾ?" ಇತ್ತು. "ನಾನು ಎಚ್ಚರ ಇದ್ನಾ?" ಗೊತ್ತಿಲ್ಲ ಮರೀ, ಅಪ್ಪ ಬಾಗಿಲು ತೆಗೆಯಲಿಲ್ಲ ಎಂದೆ.

ಆಮೇಲೆ ನೀನು ಬನ್ನು ತಿಂದೆ. ಎರಡು ತಿಂದೆ.

ನಾನು ಬಂದಿರಲಿಲ್ಲ ಟಮ್ಸಿನ್. ಏಪ್ರಿಲ್‌ನಲ್ಲೂ ಇಲ್ಲ, ಯಾವ ತಿಂಗಳಲ್ಲೂ ಇಲ್ಲ. ಆ ಗೇಟಿಗೆ ಬರಲಿಲ್ಲ, ಆ ಬೀದಿಗೆ ಬರಲಿಲ್ಲ, ನಾರಿಜ್‌ಗೆ ಟಿಕೆಟ್ಟೇ ಕೊಳ್ಳಲಿಲ್ಲ. ಒಂದು ತಿಂಗಳು ಕಳೆಯಿತು, ಈ ವಾರ ಬೇಡ, ಮುಂದಿನ ವಾರ ಎಂದುಕೊಂಡೆ. ಮೂರು ತಿಂಗಳಾದ ಮೇಲೆ ಯಾವ ಮುಖ ಹೊತ್ತುಕೊಂಡು ಹೋಗಲಿ ಎಂದುಕೊಂಡೆ. ವರ್ಷವಾದ ಮೇಲೆ ಏನೂ ಅಂದುಕೊಳ್ಳಲಿಲ್ಲ. ನಿನ್ನಪ್ಪ ಯಾವ ಬಾಗಿಲನ್ನೂ ಮುಚ್ಚಲಿಲ್ಲ. ಆ ಮಾತು ಅವನ ಬಾಯಿಂದ ಬಂದಿದ್ದಲ್ಲ, ಸರ್ ಒಸ್ರಿಕ್‌ನದು. ಇಂಥ ದನಿ ನಿನಗೆ ಚೆನ್ನಾಗಿ ಗೊತ್ತು ಅನ್ನುತ್ತೀಯ. ಆ ದನಿ ನಿನ್ನ ಕಿವಿಗೆ ಹಾಕಿದವಳು ನಾನು.

ಕಾದಂಬರಿಯಲ್ಲಿ ಜುಡಿತ್ ಆ ಮಾತು ಕೇಳಿ ಹೊರಟುಹೋಗುವುದಿಲ್ಲ, ಗೊತ್ತಾ? ಮೆಟ್ಟಿಲ ಮೇಲೆ ಕೂರುತ್ತಾಳೆ. ಬೆಳಕು ಹರಿಯುವವರೆಗೂ ಕೂರುತ್ತಾಳೆ. ಬೆಳಿಗ್ಗೆ ಮಗುವೇ ಬಂದು ಬಾಗಿಲು ತೆಗೆಯುತ್ತದೆ. ಅದನ್ನು ನಾನು ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಬಾಗಿಲು ತೆಗೆದ ನೆನಪು ನಿನಗಿರಬೇಕಾಗುತ್ತಿತ್ತು. ಕದ್ದ ಅಧ್ಯಾಯವನ್ನೂ ಕತ್ತರಿಸಿಯೇ ಹೇಳಿದೆ, ನನ್ನ ಕಸುಬು ಬಿಡಲಿಲ್ಲ ನೋಡು.

ನಿನಗೆ ಹತ್ತೊಂಬತ್ತು ತುಂಬಿದ ವರ್ಷ ಇದನ್ನೆಲ್ಲ ಅಪ್ಪನ ಮುಖಕ್ಕೆ ಹೇಳಿ ಮನೆ ಬಿಟ್ಟು ಬಂದೆ. ನನ್ನ ಮನೆಯ ಬಾಗಿಲಲ್ಲೇ ನಿಂತು, ಏದುಸಿರು ಬಿಡುತ್ತಾ, "ಕೇಳೇಬಿಟ್ಟೆ ಅಮ್ಮ. ಇಲ್ಲ ಅನ್ನಲಿಲ್ಲ ಅವ್ನು. ನಾಯಿ, ಮಳೆ, ಬೂಟು, ಎಲ್ಲ ಹೇಳ್ದೆ. ತಲೆ ತಗ್ಗಿಸ್ಕೊಂಡು ಕೂತ. ನಿಮ್ಮಮ್ಮ ಹಾಗಂದ್ಲಾ ಅಂದ, ಅಷ್ಟೇ" ಎಂದೆ. ಆಗ ಹೇಳಬಹುದಿತ್ತು. ನೀನು ನನ್ನನ್ನು ತಬ್ಬಿಕೊಂಡಿದ್ದೆ. ನಿನ್ನ ಕೂದಲು ನನ್ನ ಬಾಯಿಗೆ ಬರುತ್ತಿತ್ತು. ಹನ್ನೆರಡು ವರ್ಷಕ್ಕೆ ಮೊದಲ ಸಲ ನೀನಾಗಿಯೇ ನನ್ನ ಹತ್ತಿರ ಬಂದಿದ್ದೆ, ಬಿಡಲು ಮನಸ್ಸಾಗಲಿಲ್ಲ. ಆಮೇಲೆ ಮೂವತ್ತೊಂದು ವರ್ಷ ನೀನು ಅವನ ಜೊತೆ ಮಾತಾಡಲಿಲ್ಲ. ಅವನು ತೀರಿಕೊಂಡಾಗ ಹೋದೆಯಂತೆ, ಚರ್ಚಿನ ಹಿಂದಿನ ಸಾಲಿನಲ್ಲಿ ನಿಂತು, ಚಹಾಕ್ಕೂ ನಿಲ್ಲದೆ ಹೊರಟೆಯಂತೆ. ಕೇಳಿ ನನಗೆ ಸಮಾಧಾನವಾಯಿತು. ಇನ್ನು ಯಾರೂ ಹೇಳಿಬಿಡುವವರಿಲ್ಲ ಎಂಬ ಸಮಾಧಾನ. ನಾನು ಎಂಥವಳು ಅಂತ ಈಗಲಾದರೂ ತಿಳಿದುಕೋ.

ಇದನ್ನು ಪ್ರಾಮಾಣಿಕತೆ ಎಂದುಕೊಳ್ಳಬೇಡ ಮಗಳೇ. ಪುಟಗಳು ಕಳೆದುಹೋದವು ಎಂದು ಬರೆಯಲು ಎರಡು ಸಲ ಕೂತಿದ್ದೆ. ನೀನು ಗ್ರಂಥಾಲಯಕ್ಕೆ ಹೋದರೆ ಆಲ್ಡರ್ಟನ್ ಸಂಪುಟ ಇದ್ದೇ ಇದೆ, ಸಿಕ್ಕಿಬೀಳುತ್ತೇನೆಂಬ ಭಯಕ್ಕೆ ಬರೆಯುತ್ತಿದ್ದೇನೆ. ಭಯ ಅರ್ಧ. ಇನ್ನರ್ಧ, ಆ ದನಿಯನ್ನು ನೀನು ಅಪ್ಪನದೆಂದು ಬರೆದು, ಯಾರೋ ನಟ ಅದನ್ನು ಆಡಿ, ದೇಶಕ್ಕೆ ದೇಶವೇ ಕೂತು ಕೇಳುವುದನ್ನು ನಾನು ಸಹಿಸಲಾರೆ. ಅಷ್ಟು ಮಟ್ಟಿಗೆ ನನ್ನಲ್ಲಿ ಏನೋ ಉಳಿದಿದೆ.

ಜುಡಿತ್ ಬರಲಿ, ಬಾರದಿರಲಿ, ನಿನಗೆ ಬಿಟ್ಟದ್ದು. ಮಿಸ್ ಪೆಲ್ ಅವಳನ್ನು ಕರೆತಂದಿದ್ದಳು, ನನ್ನ ಪ್ರಕಾರ ಯಾವ ಪ್ರಕಾಶಕನೂ ಬಲವಂತ ಮಾಡಿರಲಿಲ್ಲ. ಬಲವಂತದಿಂದ ಬರೆಸಿದ್ದಾದರೆ ಆ ಮೆಟ್ಟಿಲ ಮೇಲಿನ ಆರು ಪುಟ ಹಾಗಿರುತ್ತಿರಲಿಲ್ಲ. ಓದಿ ನೋಡು. ಆದರೆ ಬಾಗಿಲ ಹಿಂದೆ ಕ್ಲೈವ್ ಥರ್ಟಲ್‌ನನ್ನು ನಿಲ್ಲಿಸಬೇಡ. ಅವನು ಅಲ್ಲಿ ಇರಲಿಲ್ಲ, ಯಾಕೆಂದರೆ ಈಚೆ ಕಡೆ ನಾನು ಇರಲಿಲ್ಲ.

ಅವನು ಯಾಕೆ ಇಲ್ಲ ಅನ್ನಲಿಲ್ಲ ಎಂದು ನೀನು ಕೇಳಿಯೇ ಕೇಳುತ್ತೀಯ. ಅದನ್ನು ಬರೆಯಲು ಕೈ ಬರುತ್ತಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳುವ ಶಕ್ತಿಯೂ ಇಲ್ಲ. ಭಾನುವಾರ ನೀನು ಎಂದಿನಂತೆ ಫೋನ್ ಮಾಡದಿದ್ದರೆ ಅರ್ಥ ಮಾಡಿಕೊಳ್ಳುತ್ತೇನೆ.

ನಿನ್ನ
ಅಮ್ಮ
(ಡೋರೀನ್)

ಮರೆತ ಮಾತು: ಮರೆತದ್ದೇನಲ್ಲ. ಲಕೋಟೆ ಅಂಟಿಸಿ, ಕೋಟು ಹಾಕಿಕೊಂಡು ಅಂಚೆಪೆಟ್ಟಿಗೆಯವರೆಗೂ ಹೋಗಿ ಹಾಗೇ ಹಿಂದೆ ಬಂದೆ. ಇದನ್ನೂ ಕತ್ತರಿಸಿಬಿಟ್ಟರೆ ಬರೆದದ್ದಕ್ಕೆ ಅರ್ಥವಿಲ್ಲ. ಕಾದಂಬರಿಯ ಎರಡನೆಯ ಪ್ರತಿ ಊರೆಲ್ಲ ಅಲೆದು ಹುಡುಕಿ ತಂದವನು ನಿನ್ನಪ್ಪ. ನನ್ನ ಕೈಗೆ ಕೊಡುವ ಮೊದಲು ಕಾರ್ಖಾನೆಯ ಊಟದ ಹೊತ್ತಿನಲ್ಲಿ ಅಷ್ಟನ್ನೂ ಓದಿ ಮುಗಿಸಿದ್ದ, ಕೊನೆಯ ಅಧ್ಯಾಯವೂ ಸೇರಿ. ನೀನು ಮನೆ ಬಿಟ್ಟು ಬಂದ ವಾರವೇ ಅವನಿಂದ ಈ ಕಾರ್ಡು ಬಂತು. ಯಾರಿಗೂ ಹೇಳಬೇಡ ಎಂದಿದ್ದ, ನನಗೂ ಅದೇ ಅನುಕೂಲವಾಗಿತ್ತು. ಕಾರ್ಡನ್ನು ಪುಟಗಳ ಜೊತೆ ಇಟ್ಟಿದ್ದೇನೆ. ಪೆನ್ಸಿಲಿನ ಅಕ್ಷರ, ಅಳಿಸಿಹೋಗುತ್ತಿದೆ, ಅದಕ್ಕೆ ಇಲ್ಲೂ ಬರೆಯುತ್ತೇನೆ:

"ಡೋರೀನ್, ಮಗು ಎಲ್ಲ ಹೇಳ್ತು. ಎಲ್ಲಿಂದ ತೆಗೆದಿದ್ದು ಅಂತ ನನಗೆ ತಕ್ಷಣ ಗೊತ್ತಾಯ್ತು. ನಾನು ಬಾಯಿ ಬಿಟ್ಟಿಲ್ಲ, ನೀನೂ ಬಿಡಬೇಡ. ಯಾರೂ ಬರ್ಲೇ ಇಲ್ಲ ಅಂತ ತಿಳ್ಕೊಳ್ಳೋದಕ್ಕಿಂತ, ಅಪ್ಪ ಬಾಗಿಲು ತೆಗೀಲಿಲ್ಲ ಅಂತ ತಿಳ್ಕೊಂಡಿರ್ಲಿ. ನೀನು ಬಿಟ್ಟುಹೋದ ಆ ವರ್ಷ ಪೂರ್ತಿ ನಾನು ಬಾಗಿಲಿಗೆ ಚಿಲಕ ಹಾಕಿರ್ಲಿಲ್ಲ. ಅದೊಂದು ಅವಳಿಗೆ ಗೊತ್ತಾಗೋದು ಬೇಡ. ಕ್ಲೈವ್."